ರಜೆ ಮುಗಿಸಿ ಕೆಲಸಕ್ಕೆ, ಕಾಲೇಜಿಗೆ ಹೊರಟ ತಾಯಿಗೆ ಎದೆಹಾಲು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಕಾಸರಗೋಡಿನ ಕಡೆ ಬಾಣಂತನಕ್ಕೆ ಯಾರೂ ಕಡಿಮೆ ಮಾಡುವುದಿಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುತ್ತಾರೆ, ಲೇಹ್ಯ ಕಾಯಿಸುತ್ತಾರೆ, ಮೆಂತೆ ಗಂಜಿ ಮಾಡಿ ಕೈಗೇ ತಂದು ಕೊಡುತ್ತಾರೆ. ರಜೆ ಮುಗಿದ ಮರುದಿನವೇ ಈ ಆರೈಕೆಯೆಲ್ಲ ನಿಂತುಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಆರೂವರೆಗೆ ಬರುವ ತಾಯಿ ಹಾಲನ್ನು ಏನು ಮಾಡಬೇಕು ಎಂಬ ಪ್ರಶ್ನೆ ಯಾರಿಗೂ ಹೊಳೆದೇ ಇರುವುದಿಲ್ಲ. ಒಂದೆರಡು ತಿಂಗಳಾದ ಮೇಲೆ ಎಲ್ಲರೂ ಸೇರಿ "ಅವಳಿಗೆ ಹಾಲು ಬತ್ತಿತು" ಎಂದು ತೀರ್ಮಾನಿಸುತ್ತಾರೆ.

ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ಮಗುವನ್ನು ಮನೆಯಲ್ಲಿ ಬಿಟ್ಟು ಬಂದ ಸಹೋದ್ಯೋಗಿಗಳನ್ನೂ ವಿದ್ಯಾರ್ಥಿನಿಯರನ್ನೂ ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಹಾಲು ತಾನಾಗಿ ಬತ್ತಿದ್ದಲ್ಲ. ಹಿಂಡಿ ತೆಗೆಯಲು ಸಮಯ ಸಿಗಲಿಲ್ಲ, ಸಮಯ ಸಿಕ್ಕಿದರೆ ಕೂರಲು ಜಾಗವಿರಲಿಲ್ಲ, ಜಾಗ ಸಿಕ್ಕಿದರೆ ಹಾಲನ್ನು ತಂಪಾಗಿಡುವ ದಾರಿ ಇರಲಿಲ್ಲ. ಈ ಮೂರನ್ನೂ ಒದಗಿಸುವುದು ಸುತ್ತಲಿನವರ ಕೈಯಲ್ಲಿದೆ. ಆದ್ದರಿಂದ ತಾಯಿ ಓದಿದ ಮೇಲೆ ಇದನ್ನು ಗಂಡನಿಗೂ ಅತ್ತೆಗೂ ಪ್ರಾಂಶುಪಾಲರಿಗೂ ಓದಲು ಕೊಡಲಿ.

ಮೊದಲು ಗಂಟೆಗಳ ಲೆಕ್ಕ

ರಜೆ ಮುಗಿಯಲು ಒಂದು ತಿಂಗಳಿರುವಾಗಲೇ ಒಂದು ಕಾಗದ ತೆಗೆದುಕೊಂಡು ಬರೆಯಿರಿ: ಮನೆ ಬಿಡುವುದು ಎಷ್ಟು ಹೊತ್ತಿಗೆ, ಮಗು ಮತ್ತೆ ಕೈಗೆ ಸಿಗುವುದು ಎಷ್ಟು ಹೊತ್ತಿಗೆ? ಕಚೇರಿ ಸಮಯವನ್ನಷ್ಟೇ ಲೆಕ್ಕ ಹಿಡಿದರೆ ತಪ್ಪುತ್ತದೆ. ಕುಂಬಳೆಯಿಂದ ಕಾಸರಗೋಡಿಗೆ ಹೋಗುವವರಿಗೂ, ಉಪ್ಪಳದಿಂದ ರೈಲು ಹಿಡಿದು ಮಂಗಳೂರಿಗೆ ಹೋಗಿ ಅಲ್ಲಿಂದ ಕೊಣಾಜೆಯ ಬಸ್ಸು ಹತ್ತುವವರಿಗೂ ಕೆಲಸದ ಹೊತ್ತು ಒಂದೇ ಇರಬಹುದು, ಮಗುವಿನಿಂದ ದೂರ ಇರುವ ಹೊತ್ತು ಒಂದೇ ಅಲ್ಲ.

ಒಂದರಿಂದ ಆರು ತಿಂಗಳ ನಡುವಿನ, ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ದಿನಕ್ಕೆ ಸುಮಾರು 750ರಿಂದ 800 ಮಿಲಿಲೀಟರ್ ಹಾಲು ಬೇಕಾಗುತ್ತದೆ. ಅಂದರೆ ತಾಯಿ ಇಲ್ಲದ ಪ್ರತಿ ಗಂಟೆಗೆ 25ರಿಂದ 35 ಮಿಲಿಲೀಟರ್. ಎಂಟು ಗಂಟೆಗೆ ಕಾಲು ಲೀಟರಿನ ಆಸುಪಾಸು, ಹನ್ನೊಂದು ಗಂಟೆಗೆ 300ರಿಂದ 350. ಈ ಲೆಕ್ಕ ಕೈಯಲ್ಲಿದ್ದರೆ ಫ್ರೀಜರ್ ತುಂಬ ಹಾಲು ಕೂಡಿಡಬೇಕೆಂಬ ಗಾಬರಿ ಇಳಿಯುತ್ತದೆ. ಮೊದಲ ದಿನಕ್ಕೆ ಬೇಕಾದಷ್ಟು, ಜೊತೆಗೆ ಇನ್ನೊಂದು ದಿನದ ಹಾಲು ಕೈಗಾವಲಿಗೆ ಇದ್ದರೆ ಸಾಕು. ಆಮೇಲೆ ಇವತ್ತು ಹಿಂಡಿದ್ದು ನಾಳೆಗೆ.

ಆರು ತಿಂಗಳು ತುಂಬಿದ ಮಗುವಾದರೆ ಹಗಲಿನ ಭಾರ ಇನ್ನಷ್ಟು ಹಗುರ. ರಾಗಿ ಮಣ್ಣಿ, ನೇಂದ್ರ ಬಾಳೆಕಾಯಿ ಹುಡಿಯ ಗಂಜಿ, ಅಂಗನವಾಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಕೊಡುವ ಅಮೃತಂ ಪುಡಿ, ಇವೆಲ್ಲ ಮೆಲ್ಲಮೆಲ್ಲಗೆ ಸೇರಿಕೊಳ್ಳುತ್ತವೆ. ಇವುಗಳ ಜೊತೆಗೆ ಎದೆಹಾಲು ಎರಡು ವರ್ಷದವರೆಗೆ, ಅದಕ್ಕೂ ಆಚೆ ಮುಂದುವರಿಯಬಹುದು.

ರಜೆ ಎಷ್ಟು, ಹಕ್ಕು ಯಾವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ತಮಗೆ ಇರುವ ಹಕ್ಕು ಗೊತ್ತಿಲ್ಲದೆ ಬೇಡಿಕೊಳ್ಳುವ ದನಿಯಲ್ಲಿ ಮಾತಾಡುವ ತಾಯಂದಿರೇ ಹೆಚ್ಚು.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಈಗಾಗಲೇ ಇಬ್ಬರು ಮಕ್ಕಳಿರುವವರಿಗೆ 12 ವಾರ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಎಂಬುದು ಷರತ್ತು. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳು ತುಂಬುವವರೆಗೆ, ಮಾಮೂಲಿ ಊಟದ ಬಿಡುವಿನ ಹೊರತಾಗಿ, ದಿನಕ್ಕೆ ಎರಡು ಬಿಡುವುಗಳು ಹಾಲೂಡಿಸುವ ತಾಯಿಗೆ ಸಲ್ಲಬೇಕು. 50 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು. 2025ರ ನವೆಂಬರ್‌ನಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇಷ್ಟೂ ಹಕ್ಕುಗಳು ಅದರಲ್ಲಿ ಹಾಗೆಯೇ ಉಳಿದಿವೆ. ಇದು ಕೇಂದ್ರದ ಕಾನೂನಾದ್ದರಿಂದ ಕರ್ನಾಟಕದ ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಕೆಲಸ ಮಾಡುವವರಿಗೂ ಅನ್ವಯಿಸುತ್ತದೆ.

"ನಮ್ಮದು ಖಾಸಗಿ ಶಾಲೆ, ನಮಗೆ ಅದೆಲ್ಲ ಇಲ್ಲ" ಎನ್ನುವ ಟೀಚರುಗಳು ನಮ್ಮಲ್ಲಿ ತುಂಬಾ ಇದ್ದಾರೆ. ಅನುದಾನವಿಲ್ಲದ ಖಾಸಗಿ ಶಿಕ್ಷಣ ಸಂಸ್ಥೆಗಳಿಗೂ ಕೇರಳ ಸರ್ಕಾರ 2020ರಲ್ಲಿ ಈ ಸೌಲಭ್ಯವನ್ನು ವಿಸ್ತರಿಸಿದೆ. ಒಪ್ಪಂದದ ಮೇಲೆ ದುಡಿಯುವವರ ಬಗ್ಗೆಯೂ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ: ಹೆರಿಗೆಯ ಸೌಲಭ್ಯ ಒಪ್ಪಂದದ ಅವಧಿ ಮುಗಿಯಿತೆಂದು ಮೊಟಕಾಗುವುದಿಲ್ಲ. ಅತಿಥಿ ಉಪನ್ಯಾಸಕಿಯರು ಇದನ್ನು ನೆನಪಿಟ್ಟುಕೊಳ್ಳಬೇಕು.

ವಿದ್ಯಾರ್ಥಿನಿಯರ ಸ್ಥಿತಿ ಬೇರೆ. ಕೇರಳದ ಉನ್ನತ ಶಿಕ್ಷಣ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಆದೇಶದಂತೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 18 ವರ್ಷ ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನದವರೆಗೆ ಹೆರಿಗೆ ರಜೆ ಇದೆ. ಕಣ್ಣೂರು ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಸರಗೋಡು ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜುಗಳಲ್ಲಿ ಓದುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ ಬೇರೆಲ್ಲೇ ಆಗಲಿ ಪಿಎಚ್‌ಡಿ ಮಾಡುತ್ತಿರುವವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಸಂಶೋಧನೆಯ ಇಡೀ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಸಿಗುತ್ತದೆ. ಪ್ರಬಂಧ ಸಲ್ಲಿಸಲು ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಕಾಲಾವಕಾಶವೂ ಇದೆ. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿ ವಿನಾಯಿತಿಯ ನಿಯಮ ರೂಪಿಸಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲೇ ಎಲ್ಲ ಕುಲಪತಿಗಳಿಗೆ ಪತ್ರ ಬರೆದಿದೆ. ಗಡಿಯಾಚೆ ಓದುವವರು ತಮ್ಮ ಕಾಲೇಜಿನಲ್ಲಿ ಆ ಪತ್ರವನ್ನು ಹೆಸರಿಸಿಯೇ ಕೇಳಬಹುದು.

60 ದಿನ ಎಂದರೆ ಮಗುವಿಗೆ ಎರಡೇ ತಿಂಗಳು. ಹಾಲಲ್ಲದೆ ಬೇರೇನೂ ಕೊಡಬಾರದ ವಯಸ್ಸು. ಟೀಚರಿಗೆ ಆರು ತಿಂಗಳ ಮಗು ಮನೆಯಲ್ಲಿರುವಾಗ ವಿದ್ಯಾರ್ಥಿನಿಗೆ ಎರಡು ತಿಂಗಳದ್ದು. ಆದ್ದರಿಂದ ಕ್ಯಾಂಪಸ್ಸಿನಲ್ಲಿ ಕೋಣೆಯೂ ಫ್ರಿಜ್ಜೂ ಮೊದಲು ಬೇಕಾಗಿರುವುದು ವಿದ್ಯಾರ್ಥಿನಿಗೇ. ಸ್ಟಾಫಿಗೆ ಮಾತ್ರ ಎಂದು ಬೀಗ ಹಾಕಿಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪತ್ರ ಬರೆಯಿರಿ

ಬಾಯಿಮಾತಿನಲ್ಲಿ ಕೇಳಿದ್ದು ಬಾಯಲ್ಲೇ ಉಳಿಯುತ್ತದೆ. ಮರಳಲು ಮೂರು ವಾರ ಇರುವಾಗ ಒಂದು ಪತ್ರ ಕೊಡಿ, ಅದರ ಒಂದು ಪ್ರತಿಯನ್ನು ಸ್ವೀಕೃತಿ ಸಹಿಯೊಡನೆ ಇಟ್ಟುಕೊಳ್ಳಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ಹೆರಿಗೆ ರಜೆ ಮುಗಿಸಿ ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಕೆಲಸಕ್ಕೆ ಹಾಜರಾಗುತ್ತಿದ್ದೇನೆ. ಮಗುವಿಗೆ ಎದೆಹಾಲು ಮುಂದುವರಿಸುತ್ತಿರುವುದರಿಂದ, ಕಾನೂನಿನಂತೆ ಮಗುವಿಗೆ 15 ತಿಂಗಳು ತುಂಬುವವರೆಗೆ ಸಿಗಬೇಕಾದ ಎರಡು ಬಿಡುವುಗಳನ್ನು ಬೆಳಿಗ್ಗೆ 10.45ಕ್ಕೂ ಮಧ್ಯಾಹ್ನ 3ಕ್ಕೂ ಪಡೆಯಲು ಬಯಸುತ್ತೇನೆ. ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ ಮತ್ತು ಫ್ರಿಜ್ಜಿನಲ್ಲಿ ಸ್ವಲ್ಪ ಜಾಗ ಬೇಕಾಗುತ್ತದೆ. ವೇಳಾಪಟ್ಟಿಯಲ್ಲಿ ಸತತ ಮೂರು ತರಗತಿಗಳು ಬಾರದಂತೆ ಹೊಂದಿಸಿಕೊಡಬೇಕಾಗಿ ಕೋರುತ್ತೇನೆ."

ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಟೈಮ್‌ಟೇಬಲ್ ಹಾಕುವವರು ಎರಡು ಪೀರಿಯಡ್‌ಗಳನ್ನು ಅದಲುಬದಲು ಮಾಡಿದರೆ ಸಾಕು, ಒಂದು ಪೈಸೆ ಖರ್ಚಿಲ್ಲದೆ ತಾಯಿಯ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಬ್ಯಾಂಕ್, ಪಂಚಾಯತು ಕಚೇರಿ, ಅಂಗಡಿಯಲ್ಲಾದರೆ ಆ ಇಪ್ಪತ್ತು ನಿಮಿಷ ಕೌಂಟರಿನಲ್ಲಿ ಯಾರು ಕೂರುತ್ತಾರೆ ಎಂದು ಮೊದಲೇ ನಿಗದಿ ಮಾಡಿ. ಪ್ರತಿದಿನ ಹೊಸದಾಗಿ ಯಾರನ್ನೋ ಕೇಳಿಕೊಳ್ಳುವ ಮುಜುಗರಕ್ಕೇ ಎಷ್ಟೋ ಮಂದಿ ಹಿಂಡುವುದನ್ನು ನಿಲ್ಲಿಸಿಬಿಡುತ್ತಾರೆ.

ಕೋಣೆ ಹೇಗಿರಬೇಕು

ಶೌಚಾಲಯ ಬೇಡವೇ ಬೇಡ. ಯಾರ ಊಟವನ್ನೂ ಅಲ್ಲಿ ತಯಾರಿಸುವುದಿಲ್ಲ, ಮಗುವಿನ ಊಟ ಮಾತ್ರ ಯಾಕೆ?

ದೊಡ್ಡ ಕೋಣೆಯ ಅಗತ್ಯವಿಲ್ಲ. ನಾನು ಕಂಡ ಅತ್ಯಂತ ಒಳ್ಳೆಯ ವ್ಯವಸ್ಥೆ ಒಂದು ವಿಭಾಗದ ಹಳೆಯ ಪುಸ್ತಕಗಳ ಕೋಣೆಯಲ್ಲಿತ್ತು. ಗೋದ್ರೆಜ್ ಕಪಾಟನ್ನು ಬಾಗಿಲಿಗೆ ಅಡ್ಡವಾಗಿ ತಿರುಗಿಸಿ ಇಟ್ಟಿದ್ದರು. ಹಿಂದೆ ಬೆನ್ನಿಗೆ ಆಸರೆ ಇರುವ ಒಂದು ಕುರ್ಚಿ, ಮೊಣಕಾಲೆತ್ತರದ ಮೇಜು, ಕೈಗೆಟಕುವ ಪ್ಲಗ್ ಪಾಯಿಂಟ್, ಗೋಡೆಯಲ್ಲಿ ಒಂದು ಮೊಳೆ, ಅದರಲ್ಲಿ ತೂಗುಹಾಕಿದ ಶುಭ್ರವಾದ ಬೈರಾಸು. ಕಿಟಕಿಗೆ ಹಳೆಯ ಹತ್ತಿ ಸೀರೆಯ ಪರದೆ. ಎರಡು ಹೆಜ್ಜೆ ಆಚೆ ಕೈತೊಳೆಯುವ ನಲ್ಲಿ. ಮೊಳೆ ಯಾಕೆ ಎಂದರೆ ಸೆರಗನ್ನೋ ಶಾಲನ್ನೋ ನೆಲಕ್ಕೆ ಬೀಳದಂತೆ ನೇತುಹಾಕಲು. ಬಳಸುವವರನ್ನು ಕೇಳಿ ಮಾಡಿದ ಕೋಣೆಯಲ್ಲಿ ಇಂಥ ಸಣ್ಣ ಸಂಗತಿಗಳು ಸರಿಯಾಗಿರುತ್ತವೆ.

ಬೀಗದ ಕೈ ಕಾವಲುಗಾರನ ಹತ್ತಿರ ಇರುವುದು ಬೇಡ. ಮಹಿಳಾ ಸಿಬ್ಬಂದಿಯ ಕೋಣೆಯಲ್ಲಿ ತೂಗುಹಾಕಲಿ. ಬಂದವರ ಹೆಸರು, ಕಾರಣ ಬರೆಸುವ ಪುಸ್ತಕವೂ ಬೇಡ.

ಸಹೋದ್ಯೋಗಿಗಳಿಗೊಂದು ಮಾತು. ಆಕೆ ಚೀಲ ಹಿಡಿದು ಎದ್ದಾಗ "ಎಲ್ಲಿಗೆ?" ಎಂದು ಕೇಳಬೇಡಿ. ಫ್ರಿಜ್ಜಿನಲ್ಲಿ ಹೆಸರು ಬರೆದ ಡಬ್ಬಿ ಕಂಡರೆ ಅದನ್ನು ಸರಿಸಿ ಮೀನಿನ ಪೊಟ್ಟಣ ಇಡಬೇಡಿ.

ಹಾಲು ಹಿಂಡಿ ತೆಗೆಯುವುದು

ಎರಡು ವಾರ ಮೊದಲೇ ಅಭ್ಯಾಸ ಶುರುವಾಗಲಿ. ಬೆಳಗಿನ ಜಾವ ಮಗು ಕುಡಿದು ಒಂದು ಗಂಟೆಯಾದ ಮೇಲಿನ ಹೊತ್ತು ಒಳ್ಳೆಯದು, ಆಗ ಸಾಮಾನ್ಯವಾಗಿ ಹಾಲು ಹೆಚ್ಚಿರುತ್ತದೆ. ಮೊದಲ ದಿನಗಳಲ್ಲಿ ತಳ ಮುಚ್ಚುವಷ್ಟೇ ಬಂದರೆ ಎದೆಗುಂದಬೇಡಿ. ಮಗು ಎಳೆದಷ್ಟು ಚೆನ್ನಾಗಿ ಸಾಮಾನ್ಯವಾಗಿ ಪಂಪು ಎಳೆಯುವುದಿಲ್ಲ. ಹಿಂಡಿದಾಗ ಕಂಡದ್ದು ಮಗುವಿಗೆ ಸಿಗುವ ಹಾಲಿನ ಅಳತೆಯಲ್ಲ.

ಪಂಪಿದ್ದರೂ ಕೈಯಿಂದ ಹಿಂಡುವುದನ್ನು ಕಲಿತಿರಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಊರು ನಮ್ಮದು. ಸೋಪು ಹಾಕಿ ಕೈ ತೊಳೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಡಿ, ಅಂಗೈಯಿಂದ ಹಗುರವಾಗಿ ನೇವರಿಸಿ. ತೊಟ್ಟಿನ ಬುಡದಿಂದ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ, ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಬರುವಂತೆ ಹಿಡಿದು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ, ಬಿಡಿ. ಒತ್ತಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು, ನೋವಾಗಬಾರದು. ನೋವಾದರೆ ಹಿಡಿತ ತಪ್ಪಿದೆ ಎಂದರ್ಥ. ಒಂದೆರಡು ನಿಮಿಷ ಹನಿ ಮಾತ್ರ ಬರುತ್ತದೆ, ಆಮೇಲೆ ಹಾಲು ಇಳಿದು ಎಳೆಯಾಗಿ ಚಿಮ್ಮುತ್ತದೆ. ಧಾರೆ ನಿಧಾನವಾದ ಮೇಲೆ ಬೆರಳುಗಳನ್ನು ಸುತ್ತ ಬೇರೆ ಕಡೆಗೆ ತಿರುಗಿಸಿ ಮುಂದುವರಿಸಿ. ಒಂದು ಬದಿ ಐದು ನಿಮಿಷ, ಇನ್ನೊಂದು ಐದು, ಮತ್ತೆ ಮೊದಲನೆಯದು. ಎಲ್ಲ ಸೇರಿ ಇಪ್ಪತ್ತು ಮೂವತ್ತು ನಿಮಿಷ. ಕೈಗೆ ಅಭ್ಯಾಸವಾದಂತೆ ಹೊತ್ತು ಕಡಿಮೆಯಾಗುತ್ತದೆ. ಇದನ್ನು ಎದುರು ಕೂತು ತೋರಿಸಿಕೊಡಲು ನಿಮ್ಮ ಕುಟುಂಬ ಆರೋಗ್ಯ ಕೇಂದ್ರದ ನರ್ಸ್ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ, ಒಂದು ಸಲ ನೋಡಿದರೆ ಅರ್ಧ ಕಲಿತ ಹಾಗೆ.

ಪಂಪು ಕೊಳ್ಳುವುದಾದರೆ ಎದೆಗೆ ಕೂರುವ ಕೊಳವೆಯಂಥ ಭಾಗದ ಅಳತೆ ನೋಡಿ. ತೊಟ್ಟು ಅದರ ಗೋಡೆಗೆ ಉಜ್ಜುವಂತಿದ್ದರೆ ಗಾಯವಾಗುತ್ತದೆ, ಹಾಲೂ ಕಡಿಮೆ ಬರುತ್ತದೆ. ಒತ್ತಡ ಹೆಚ್ಚಿಸಿದರೆ ಹಾಲು ಹೆಚ್ಚು ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಾಲು ತಾಗುವ ಭಾಗಗಳನ್ನು ಪ್ರತಿಸಲ ಸೋಪುನೀರಲ್ಲಿ ತೊಳೆದು, ಮನೆಯಲ್ಲಿ ದಿನಕ್ಕೊಮ್ಮೆ ಐದು ಹತ್ತು ನಿಮಿಷ ಕುದಿಸಿ, ಒರೆಸದೆ ಗಾಳಿಗೆ ಆರಲು ಬಿಡಿ.

ಹಿಂಡುವಾಗ ಫೋನಿನಲ್ಲಿ ಮಗುವಿನ ವೀಡಿಯೋ ನೋಡುವುದು, ಮಗುವಿನ ಬಟ್ಟೆಯ ತುಂಡನ್ನು ಮಡಿಲಲ್ಲಿ ಇಟ್ಟುಕೊಳ್ಳುವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಹಾಲು ಇಳಿಯುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ. ಭಯ, ಗಡಿಬಿಡಿ ಅದನ್ನು ತಡೆಯುತ್ತವೆ. ಬಾಗಿಲಿಗೆ ಚಿಲಕ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನಮ್ಮ ಸೆಖೆಯಲ್ಲಿ ಹಾಲು ಕಾಪಾಡುವುದು

ಹೊರಗಿಟ್ಟ ಹಾಲು ನಾಲ್ಕು ಗಂಟೆ ಇರುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆ ಮಾತು 25 ಡಿಗ್ರಿಯೊಳಗಿನ ಕೋಣೆಗೆ. ಕರಾವಳಿಯ ಹಗಲಿನಲ್ಲಿ ಅಷ್ಟು ತಂಪು ನಮಗೆ ಎಲ್ಲಿ? ಏಪ್ರಿಲ್, ಮೇ ತಿಂಗಳಲ್ಲಿ ಸ್ಟಾಫ್ ರೂಮಿನ ಮೇಜಿನ ಮೇಲೆ ಹಾಲನ್ನು ನಾಲ್ಕು ಗಂಟೆ ಬಿಡುವ ಯೋಚನೆಯೇ ಬೇಡ. ಹಿಂಡಿದ ತಕ್ಷಣ ತಂಪಿಗೆ ಸೇರಿಸಿ.

ಫ್ರಿಜ್ಜಿನಲ್ಲಿ, 4 ಡಿಗ್ರಿಯಲ್ಲಿ, ನಾಲ್ಕು ದಿನ ಇಡಬಹುದು. ಬಾಗಿಲಿನ ಗೂಡಿನಲ್ಲಿ ಇಡದೆ ಹಿಂಬದಿಗೆ ಇಡಿ. ಪ್ರತ್ಯೇಕ ಬಾಗಿಲಿರುವ ಫ್ರೀಜರಿನಲ್ಲಿ ಆರು ತಿಂಗಳವರೆಗೆ ಚೆನ್ನಾಗಿರುತ್ತದೆ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆಯನ್ನು ಅಷ್ಟು ನೆಚ್ಚಬೇಡಿ, ಎರಡು ವಾರದೊಳಗೆ ಬಳಸಿಬಿಡಿ. ಕಚೇರಿಯಲ್ಲಿ ಫ್ರಿಜ್ಜೇ ಇಲ್ಲದಿದ್ದರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕುಗಳ ನಡುವೆ, ಬಿಸಿ ತಾಗದ ಚೀಲದಲ್ಲಿ 24 ಗಂಟೆಯವರೆಗೆ ಕಾಪಾಡಬಹುದು. ಐಸ್ ಪ್ಯಾಕು ಡಬ್ಬಿಗೆ ತಾಗಿಕೊಂಡಿರಬೇಕು, ಚೀಲವನ್ನು ಪದೇ ಪದೇ ತೆರೆಯಬಾರದು.

ಡಬ್ಬಿ ಗಾಜಿನದ್ದೋ ಮುಚ್ಚಳ ಇರುವ ಸ್ಟೀಲಿನದ್ದೋ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನದ್ದೋ ಆಗಲಿ, ಒಂದರಲ್ಲಿ 60ರಿಂದ 90 ಮಿಲಿಲೀಟರ್ ಮಾತ್ರ ತುಂಬಿ. ಮಗು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಸಣ್ಣ ಸಣ್ಣ ಪಾಲಾದರೆ ಚೆಲ್ಲುವುದು ಕಡಿಮೆ. ಡಬ್ಬಿಗೆ ಅಂಟುಪಟ್ಟಿ ಹಚ್ಚಿ ತಾರೀಕು, ಹೊತ್ತು ಬರೆಯಿರಿ. ಹಳೆಯದು ಮೊದಲು ಖರ್ಚಾಗಲಿ. ಈಗ ತಾನೇ ಹಿಂಡಿದ ಬೆಚ್ಚಗಿನ ಹಾಲನ್ನು ತಣ್ಣಗಿನ ಹಾಲಿಗೆ ನೇರವಾಗಿ ಸುರಿಯಬೇಡಿ, ತಣಿಸಿ ಸೇರಿಸಿ. ಫ್ರೀಜರಿಗೆ ಹೋಗುವ ಡಬ್ಬಿಯನ್ನು ಕಂಠಪೂರ್ತಿ ತುಂಬಬೇಡಿ.

ಕೊಡುವಾಗ ಒಲೆಯ ಮೇಲೆ ಕಾಯಿಸಬಾರದು, ಮೈಕ್ರೋವೇವೂ ಬೇಡ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು. ಮೇಲೆ ಕೆನೆ ಬೇರೆಯಾಗಿ ನಿಂತಿದ್ದರೆ ಹಾಲು ಒಡೆದಿದೆ ಎಂದಲ್ಲ, ಮೆಲ್ಲಗೆ ಅಲುಗಿಸಿದರೆ ಕೂಡಿಕೊಳ್ಳುತ್ತದೆ. ಕೆಲವರ ಹಾಲಿಗೆ ಫ್ರಿಜ್ಜಿನಲ್ಲಿಟ್ಟ ಮೇಲೆ ಸೋಪಿನಂಥ ವಾಸನೆ ಬರುವುದುಂಟು. ಅದು ಹಾಲಿನಲ್ಲೇ ಇರುವ ಕಿಣ್ವದ ಕೆಲಸ, ಮಗುವಿಗೆ ತೊಂದರೆಯಿಲ್ಲ. ಹೆಪ್ಪುಗಟ್ಟಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಕರಗಿಸಿ, ಪೂರ್ತಿ ಕರಗಿದ ಮೇಲೆ 24 ಗಂಟೆಯೊಳಗೆ ಕೊಡಿ. ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ.

ಜೂನ್, ಜುಲೈಯಲ್ಲಿ ಗಾಳಿಮಳೆಗೆ ತಂತಿ ಕಡಿದು ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದೆ ಬಿಡಿ. ಮುಚ್ಚಿದ ಫ್ರಿಜ್ಜು ನಾಲ್ಕು ಗಂಟೆ, ತುಂಬಿರುವ ಫ್ರೀಜರು ಎರಡು ದಿನದವರೆಗೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ಖಾಲಿ ಜಾಗಕ್ಕೆ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ಇಟ್ಟಿರುವುದು ಮಳೆಗಾಲಕ್ಕೆ ಒಳ್ಳೆಯ ಅಭ್ಯಾಸ.

ಮನೆಯಲ್ಲಿ ಮಗುವಿಗೆ ಕೊಡುವವರು

ಅಜ್ಜಿಯೋ ಅತ್ತೆಯೋ ನೋಡಿಕೊಳ್ಳುವ ಮನೆಯಲ್ಲಿ ಅವರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕು. "ಹಿಂಡಿಟ್ಟ ಹಾಲು ತಂಗಳಲ್ವಾ ಮಗಾ, ಹೊಟ್ಟೆನೋವು ಬಂದೀತು" ಎಂಬ ಅವರ ಆತಂಕ ಪ್ರೀತಿಯಿಂದಲೇ ಬಂದದ್ದು. ವಾದ ಮಾಡುವುದಕ್ಕಿಂತ ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುವ ದಿನ ಅವರನ್ನೂ ಕರೆದೊಯ್ಯಿರಿ, ನರ್ಸಿನ ಬಾಯಿಂದ ಕೇಳಲಿ. ಚಾರ್ಟಿನಲ್ಲಿ ಗೆರೆ ಏರುತ್ತಿರುವುದನ್ನು ಕಂಡರೆ ಅವರಿಗೂ ಧೈರ್ಯ ಬರುತ್ತದೆ.

ಬಾಟಲಿ ಬೇಡ ಎಂಬುದು ಇಲ್ಲಿನ ಮಕ್ಕಳ ವೈದ್ಯರ ಸಾಮಾನ್ಯ ಸಲಹೆ. ಅದನ್ನು ಸ್ವಚ್ಛವಾಗಿಡುವುದು ಕಷ್ಟ, ಬಾಟಲಿಯ ಸರಾಗಕ್ಕೆ ಒಗ್ಗಿದ ಮಗು ಎದೆಗೆ ಬರಲು ತಕರಾರು ಮಾಡುವುದೂ ಉಂಟು. ಹಾಲೂಡಿಸುವ ಬಾಟಲಿಯ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ. ಒಳಲೆ (ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಪಾತ್ರೆ), ಸಣ್ಣ ಲೋಟ, ಚಮಚ ಇವುಗಳಲ್ಲಿ ಕೊಡಬಹುದು. ನಮ್ಮ ಅಜ್ಜಿಯಂದಿರಿಗೆ ಒಳಲೆ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಒಂದನ್ನು ಮಾತ್ರ ಬಿಡಿಸಬೇಕು: ಮಲಗಿಸಿ ಬಾಯಿಗೆ ಹುಯ್ಯುವುದು. ಮಗು ಎಚ್ಚರವಾಗಿರಬೇಕು, ಬೆನ್ನು ನೆಟ್ಟಗೆ ಬರುವಂತೆ ಮಡಿಲಲ್ಲಿ ಕೂತಿರಬೇಕು. ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಸ್ವಲ್ಪವೇ ಬಗ್ಗಿಸಿ, ನುಂಗಿದ ಮೇಲೆ ಮುಂದಿನ ಗುಟುಕು. ಮಗು ಮುಖ ತಿರುಗಿಸಿದರೆ ಸಾಕೆಂದು ತಿಳಿಯಿರಿ, ಉಳಿದದ್ದನ್ನು ಮುಗಿಸಲೇಬೇಕೆಂಬ ಹಟ ಬೇಡ.

ಮೊದಲ ವಾರ ತಾಯಿ ಕೋಣೆಯಲ್ಲಿದ್ದರೆ ಮಗು ಒಳಲೆಯನ್ನು ದೂಡುತ್ತದೆ. ಆಗ ತಾಯಿ ಹಿತ್ತಲಿಗೋ ಪಕ್ಕದ ಮನೆಗೋ ಹೋಗಿಬಿಡಲಿ. ಸಂಜೆ ತಾಯಿ ಬರುವ ಮುಂಚಿನ ಒಂದು ಗಂಟೆ ಮಗುವಿಗೆ ಹೊಟ್ಟೆ ತುಂಬ ಕೊಡಬೇಡಿ. ಬಂದ ಕೂಡಲೇ ಎದೆಗೆ ಹಾಕಿಕೊಂಡರೆ ಇಬ್ಬರಿಗೂ ಹಿತ. ಚಹಾ, ಅಡುಗೆ, ಪಾತ್ರೆ ಆ ಅರ್ಧ ಗಂಟೆ ಬೇರೆಯವರದ್ದು. ಗಂಡ ಮಾಡಬಹುದಾದ ಅತಿ ದೊಡ್ಡ ಸಹಾಯವೂ ಇದೇ, ಜೊತೆಗೆ ರಾತ್ರಿ ಪಂಪು, ಡಬ್ಬಿಗಳನ್ನು ತೊಳೆದು ಕುದಿಸಿಡುವುದು.

ದಿನ ಹೇಗೆ ಸಾಗಬೇಕು, ರೈಲಿನವರಿಗೆ ಏನು

ಏಳುವಾಗ ಒಮ್ಮೆ, ಹೊರಡುವ ಮೊದಲು ಒಮ್ಮೆ ಎದೆಹಾಲು. ಕೆಲಸದಲ್ಲಿ ಸುಮಾರು ಮೂರು ಗಂಟೆಗೊಮ್ಮೆ ಹಿಂಡುವುದು: ಹತ್ತೂಮುಕ್ಕಾಲು, ಊಟದ ಹೊತ್ತು, ಮೂರು ಗಂಟೆ. ಸಂಜೆ ಬಂದ ಮೇಲೆ, ರಾತ್ರಿ, ರಜಾದಿನ ಪೂರ್ತಿ ನೇರವಾಗಿ ಎದೆಯಿಂದಲೇ. ಬಾವಿಯಲ್ಲಿ ಸೇದಿದಷ್ಟೂ ನೀರು ಊರುವ ಹಾಗೆ ಹಾಲೂ ಖಾಲಿಯಾದಷ್ಟೂ ಬರುತ್ತದೆ. ತಾಯಿ ದೂರ ಹೋಗಲು ಶುರುಮಾಡಿದ ಮೇಲೆ ಎಷ್ಟೋ ಮಕ್ಕಳು ಹಗಲು ಕಡಿಮೆ ಕುಡಿದು ರಾತ್ರಿ ಹೆಚ್ಚು ಕುಡಿಯುತ್ತವೆ. ನಿದ್ದೆಗೆಡುವುದು ನಿಜ, ಆದರೆ ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚಿರುವುದರಿಂದ ಇದು ಹಾಲನ್ನು ಉಳಿಸುತ್ತದೆ.

ಮಂಗಳೂರಿಗೆ ರೈಲಿನಲ್ಲಿ ಓಡಾಡುವವರು ಬೆಳಿಗ್ಗೆ ಮನೆಯಿಂದಲೇ ಐಸ್ ಪ್ಯಾಕು ಒಯ್ದು ಕೆಲಸದ ಜಾಗದ ಫ್ರೀಜರಿನಲ್ಲಿಟ್ಟರೆ ಸಂಜೆಗೆ ಮತ್ತೆ ಗಟ್ಟಿಯಾಗಿ ಸಿಗುತ್ತದೆ. ಚೀಲವನ್ನು ಬಿಸಿಲು ಬೀಳುವ ಕಿಟಕಿಯ ಬದಿಯಲ್ಲಿ ಇಡಬೇಡಿ. ಹೊರಡುವ ಮುಂಚೆ ಒಮ್ಮೆ ಹಿಂಡಿಯೇ ಹೊರಡಿ, ರೈಲು ನಡುದಾರಿಯಲ್ಲಿ ನಿಂತರೆ ಎದೆ ಕಲ್ಲಾಗುತ್ತದೆ. ಹಾಗಾದಾಗ ಮಹಿಳೆಯರ ಬೋಗಿಯಲ್ಲಿ ಶಾಲು ಹೊದ್ದು, ನೋವು ಇಳಿಯುವಷ್ಟು ಮಾತ್ರ ಒಂದು ಕರವಸ್ತ್ರಕ್ಕೆ ಹಿಂಡಿಬಿಡಿ. ಆ ಹಾಲನ್ನು ಉಳಿಸುವ ಆಸೆ ಬೇಡ. ಅಕ್ಕಪಕ್ಕದ ಹೆಂಗಸರು ತಾವಾಗಿ ಅಡ್ಡ ಕೂರುತ್ತಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಮಡಚಿದ ಹತ್ತಿ ಬಟ್ಟೆ ಒಳಗಿರಲಿ, ಚೀಲದಲ್ಲಿ ಇನ್ನೊಂದು ಮೇಲುಡುಗೆ ಇರಲಿ. ಹೂವಿನ ಚಿತ್ರವಿರುವ ಗಾಢ ಬಣ್ಣದ ಬಟ್ಟೆಯಲ್ಲಿ ಒದ್ದೆ ಕಾಣುವುದಿಲ್ಲ.

ಪರೀಕ್ಷೆ, ಲ್ಯಾಬು, ಹಾಸ್ಟೆಲ್

ಮೂರು ಗಂಟೆಯ ಪರೀಕ್ಷೆ ಎಂದರೆ ಹಾಲ್ ಟಿಕೆಟ್, ತಪಾಸಣೆ ಎಲ್ಲ ಸೇರಿ ನಾಲ್ಕು ಗಂಟೆ. ಮಗುವನ್ನು ಮನೆಯ ಒಬ್ಬರು ಕ್ಯಾಂಪಸ್ಸಿಗೇ ಕರೆತಂದು, ಒಳಗೆ ಹೋಗುವ ಹತ್ತು ನಿಮಿಷ ಮೊದಲು ಕುಡಿಸಿ, ಹೊರಬಂದ ಕೂಡಲೇ ಮತ್ತೆ ಕುಡಿಸುವುದೇ ಉತ್ತಮ. ಅವರು ಕೂರಲು ಒಂದು ಕೋಣೆ ಬೇಕೆಂದು ಪರೀಕ್ಷಾ ಅಧೀಕ್ಷಕರಿಗೆ ಒಂದು ವಾರ ಮೊದಲೇ ಬರೆದುಕೊಡಿ. ಆಸನವನ್ನು ಬಾಗಿಲ ಹತ್ತಿರ ಕೇಳಿಕೊಳ್ಳಿ.

ನರ್ಸಿಂಗ್, ರಸಾಯನಶಾಸ್ತ್ರ ಓದುವವರು ಲ್ಯಾಬಿನ ಕೋಟು ಕಳಚಿ, ಮೊಣಕೈವರೆಗೆ ತೊಳೆದು ಹಿಂಡಲು ಕೂರಬೇಕು. ತಾಯಿಗೆ ಎಕ್ಸ್‌ರೇ ತೆಗೆದರೆ ಹಾಲಿಗೆ ಏನೂ ಆಗುವುದಿಲ್ಲ. ವಿಕಿರಣಶೀಲ ವಸ್ತುಗಳ ಜೊತೆ ಕೆಲಸ ಇದ್ದರೆ ಮಾತ್ರ ಮಾರ್ಗದರ್ಶಕರಿಗೂ ವೈದ್ಯರಿಗೂ ಮೊದಲೇ ತಿಳಿಸಿ.

ವಾರವಿಡೀ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಬರುವವರದ್ದು ಎಲ್ಲಕ್ಕಿಂತ ಕಷ್ಟ. ರಾತ್ರಿಯೂ ಒಮ್ಮೆ ಎದ್ದು ಹಿಂಡದಿದ್ದರೆ ಹಾಲು ಇಳಿಮುಖವಾಗುತ್ತದೆ. ಸಾಧ್ಯವಿದ್ದರೆ ಒಂದು ಸೆಮಿಸ್ಟರಿನ ಮಟ್ಟಿಗಾದರೂ ಕ್ಯಾಂಪಸ್ಸಿನ ಹತ್ತಿರ ಅಮ್ಮನನ್ನೋ ಅತ್ತೆಯನ್ನೋ ಜೊತೆಗಿಟ್ಟುಕೊಂಡು ಕೋಣೆ ಮಾಡುವುದು ಲೇಸು.

ತೊಂದರೆ ಬಂದರೆ

ಹಾಲು ಕಡಿಮೆಯಾಯಿತೆಂದು ಅನ್ನಿಸಿದರೆ ಮೊದಲು ಮಗುವನ್ನು ನೋಡಿ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡುತ್ತಿದ್ದು ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ನಿಜಕ್ಕೂ ಇಳಿದಿದ್ದರೆ ಎರಡು ಮೂರು ದಿನ ಒಂದು ಸಲ ಹೆಚ್ಚು ಹಿಂಡಿ, ರಜಾದಿನ ಮಗುವನ್ನು ಎದೆಯಿಂದ ದೂರ ಮಾಡಬೇಡಿ. ಮೆಂತೆ, ಬೆಳ್ಳುಳ್ಳಿ, ಲೇಹ್ಯ ರುಚಿಗೆ ತಿನ್ನಿ, ಎದೆ ಖಾಲಿಯಾಗದೆ ಅವೊಂದೇ ಹಾಲು ತರುವುದಿಲ್ಲ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಮತ್ತಿ ಮೀನು, ಸೊಪ್ಪು ಇಂಥ ದಿನದ ಊಟ ಹೊಟ್ಟೆ ತುಂಬ ಇರಲಿ. ಕೆಲಸಕ್ಕೆ ಹೋಗುವ ಗಡಿಬಿಡಿಯಲ್ಲಿ ಬೆಳಗಿನ ತಿಂಡಿ ಬಿಡುವವರೇ ಹೆಚ್ಚು.

ಎದೆ ಕಟ್ಟಿಕೊಂಡು ಒಂದು ಕಡೆ ಕೆಂಪಾಗಿ ನೋವಾದರೆ ಹಾಲೂಡಿಸುವುದನ್ನು ನಿಲ್ಲಿಸಬೇಡಿ. ಗಟ್ಟಿಯಾಗಿ ತಿಕ್ಕಬೇಡಿ, ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಇಡಿ. ಜ್ವರ, ಚಳಿನಡುಕ ಬಂದರೆ, ಅಥವಾ 24 ಗಂಟೆಯಲ್ಲಿ ನೋವು ಇಳಿಯದಿದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಹಾಲೂಡಿಸುತ್ತಿದ್ದೇನೆ ಎಂದು ಹೇಳಿದರೆ ಅದಕ್ಕೆ ಹೊಂದುವ ಔಷಧ ಕೊಡುತ್ತಾರೆ. ರಾತ್ರಿ ಹೊತ್ತು ಯಾರನ್ನು ಕೇಳುವುದೆಂದು ತೋಚದಿದ್ದರೆ ಕೇರಳ ಆರೋಗ್ಯ ಇಲಾಖೆಯ ದಿಶಾ ಸಹಾಯವಾಣಿ 1056 ಇದೆ.

ಎಷ್ಟು ಪ್ರಯತ್ನಿಸಿದರೂ ಹಗಲಿಗೆ ಬೇಕಾದಷ್ಟು ಹಾಲು ಹಿಂಡಲು ಆಗದವರು ಇದ್ದಾರೆ. ಹಗಲಿಗೆ ವೈದ್ಯರು ಹೇಳಿದ ಪುಡಿಹಾಲು, ಬೆಳಿಗ್ಗೆ, ಸಂಜೆ, ರಾತ್ರಿ ಎದೆಹಾಲು ಎಂದು ನಡೆಸಿಕೊಂಡು ಹೋಗುವುದರಲ್ಲಿ ಯಾವ ಕೊರತೆಯೂ ಇಲ್ಲ. ಪುಡಿಯನ್ನು ಉಳಿತಾಯಕ್ಕೆಂದು ನೀರಾಗಿ ಕಲಸಬಾರದು, ಅಷ್ಟೇ. ಆ ತಾಯಿಯ ಎದುರು "ನಮ್ಮ ಕಾಲದಲ್ಲಿ" ಎಂದು ಶುರುಮಾಡುವವರನ್ನು ಮನೆಯ ಉಳಿದವರು ಅಲ್ಲಿಗೇ ತಡೆಯಬೇಕು.

ಹಿಂಡುವುದನ್ನು ನಿಲ್ಲಿಸುವಾಗ

ಮಗುವಿಗೆ ವರ್ಷ ದಾಟಿ ಅನ್ನ, ಸಾರು ಉಣ್ಣತೊಡಗಿದ ಮೇಲೆ ಕಚೇರಿಯಲ್ಲಿ ಹಿಂಡುವುದನ್ನು ಕಡಿಮೆ ಮಾಡಬಹುದು. ಒಮ್ಮೆಲೇ ನಿಲ್ಲಿಸಿದರೆ ಎದೆ ಕಟ್ಟಿಕೊಂಡು ಜ್ವರ ಬರಬಹುದು. ಮಧ್ಯಾಹ್ನ ಮೂರರದ್ದನ್ನು ಮೊದಲು ಬಿಡಿ, ನಾಲ್ಕೈದು ದಿನ ನೋಡಿ, ದೇಹ ಒಗ್ಗಿದ ಮೇಲೆ ಊಟದ ಹೊತ್ತಿನದ್ದು, ಕೊನೆಗೆ ಬೆಳಗಿನದ್ದು. ನಡುವೆ ಎದೆ ಬಿಗಿದರೆ ಹಿತವೆನ್ನಿಸುವಷ್ಟು ಮಾತ್ರ ಹಿಂಡಿ, ಪೂರ್ತಿ ಖಾಲಿ ಮಾಡಬೇಡಿ. ಬೆಳಿಗ್ಗೆ ರಾತ್ರಿಯ ಎದೆಹಾಲು ಮಗು ಮತ್ತು ತಾಯಿಗೆ ಬೇಕೆನ್ನಿಸುವವರೆಗೂ ಇರಲಿ. ಪಂಪನ್ನು ಬೇರೆಯವರಿಗೆ ದಾಟಿಸುವ ಮೊದಲು ಅದು ಒಬ್ಬರ ಬಳಕೆಗೆ ಮಾತ್ರ ಮಾಡಿದ್ದೇ ಎಂದು ಪೆಟ್ಟಿಗೆಯಲ್ಲಿ ಓದಿ ನೋಡಿ. ಹಾಗಿದ್ದರೆ ಕೊಡಬೇಡಿ. ಕೋಣೆಯ ಕುರ್ಚಿ, ಮೇಜು, ಪರದೆಯನ್ನು ಮಾತ್ರ ಯಾರೂ ತೆಗೆಯದಂತೆ ಸ್ಟಾಫ್ ಮೀಟಿಂಗಿನಲ್ಲಿ ಹೇಳಿ ದಾಖಲೆ ಮಾಡಿಸಿ. ಮುಂದಿನ ಜೂನಿಗೆ ಇನ್ನೊಬ್ಬಳು ಬರುತ್ತಾಳೆ.